ಚಿಕ್ಕಲಕ್ಷ್ಮಮ್ಮ ನಂಬಿದ ಹೊಳೆ

ಚಿಕ್ಕಲಕ್ಷ್ಮಮ್ಮನಿಗೆ ಅನುಮಾನ ಹುಟ್ಟುಗುಣ. ಡೇರಿಯವನು ನಕ್ಕರೆ ಅಳತೆಯಲ್ಲಿ ಏನೋ ಕಿತಾಪತಿ ಮಾಡಿದ್ದಾನೆ ಅನ್ನುವವಳು. ನೆಂಟರು ಬಂದರೆ ಯಾಕೆ ಬಂದರೆಂದು ಅವರು ಹೋಗುವವರೆಗೂ ತಲೆ ಕೆಡಿಸಿಕೊಳ್ಳುವವಳು. ಕಣ್ಣು ಮುಚ್ಚಿ ನಂಬಿದ್ದು ಒಂದನ್ನೇ: ಹಿತ್ತಿಲಾಚೆ ಹರಿಯುವ ಅರ್ಕಾವತಿಯನ್ನು.

ನಂಬದೆ ಏನು ಮಾಡಿಯಾಳು? ಕನಕಪುರದ ಕೆಳಗಿನ ಈ ಹಳ್ಳಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ತವರು ನೆನಪಾದಾಗಲೆಲ್ಲ ಹೊಳೆಗೆ ಹೋಗಿ ಅತ್ತು ಹಗುರಾಗುತ್ತಿದ್ದಳು. ರೇಷ್ಮೆ ಹುಳಕ್ಕೆ ಕೊಯ್ದ ಸೊಪ್ಪು ಬಾಡದಂತೆ ಒದ್ದೆ ಗೋಣಿ ಹೊದಿಸುತ್ತಾರಲ್ಲ, ಅದನ್ನು ಹೊಳೆಯಲ್ಲೇ ಅದ್ದಬೇಕು, ಗಂಗವ್ವ ಸೋಕಿದರೆ ಹುಳಕ್ಕೆ ದೃಷ್ಟಿಯಾಗದು ಎಂದು ಅತ್ತೆ ಹೇಳಿಕೊಟ್ಟಿದ್ದಳು. ಮನೆ ಮುಂದೆ ನಲ್ಲಿ ಬಂದರೂ ಇವಳು ಗೋಣಿ ಹಿಡಿದು ಹೊಳೆಗೇ ಇಳಿಯುವಳು. ಈಚೆಗೆ ಬೆಂಗಳೂರ ಕಡೆಯಿಂದ ನೊರೆ ತೇಲಿ ಬಂದರೆ, "ಮೈ ತೊಳ್ಕತಾವ್ಳೆ ಬುಡಿ ನಮ್ಮವ್ವ" ಎನ್ನುವಳು. ಮೂಗು ಮುಚ್ಚಿಕೊಂಡವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲ ನಾಲ್ಕನೇ ಜ್ವರ ಕಳೆದ ಹುಳಗಳು, ಅಂದರೆ ಕೊನೆಯ ಪೊರೆ ಬಿಟ್ಟು ಎದ್ದವು, ಸೊಪ್ಪು ತಿಂದು ತಲೆ ಒದರಿ ಹಸಿರು ಕಕ್ಕಿ ಸತ್ತವು. ಹೊಗೆಸೊಪ್ಪು ಸೋಕಿದರೆ ಹುಳ ಹೀಗೇ ಸಾಯುವುದು. ಮೈದುನ ಮಧುಕುಮಾರನ ದವಡೆಯಲ್ಲಿ ಸದಾ ಹೊಗೆಸೊಪ್ಪು. ಇನ್ನೇನು ಬೇಕು!

"ಹುಳಿನ ಮನೆಗೆ ಹೋಗಿದ್ದೇನಪ್ಪಾ ನೀನು?"

"ಅಯ್ಯೋ ಅತ್ಗೆ, ಬಾಗ್ಲೂ ಮುಟ್ಟಿಲ್ಲ ಕಣಿ" ಎಂದು ಅವನು ಕೈಯನ್ನು ಪಂಚೆಗೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳಿಗೆ ಅಷ್ಟೇ ಸಾಕಾಯಿತು.

ಗಂಡ ಮರಿಯಪ್ಪನದು ಮಾತು ಕಡಿಮೆ, ಆಡಿದರೆ ಕಲ್ಲು. "ಮುಂದಿನ ಬೆಳೆನೂ ಹೋದ್ರೆ ಅವ್ನು ಬ್ಯಾರೆ ಹೋಗ್ಲಿ" ಎಂದುಬಿಟ್ಟ. ಒಂದೇ ಒಲೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು! ಮಧುವಿನ ಹೆಂಡತಿ ರಮ್ಯಾ ಅತ್ತಳು. ಮಧು ಹೆಂಡತಿಯನ್ನು ಕರೆದುಕೊಂಡು ಅಕ್ಕೂರಿನ ಮಾವನ ಮನೆಗೆ ಹೊರಟುಹೋದ.

ಮುಂದಿನ ಬೆಳೆಗೆ ಚಿಕ್ಕಲಕ್ಷ್ಮಮ್ಮ ಹುಳಿನ ಮನೆಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೊಪ್ಪನ್ನು ತಾನೇ ಕೊಯ್ದಳು, ಗಂಡನನ್ನೂ ಹೊಸಿಲು ದಾಟಗೊಡಲಿಲ್ಲ. ಒಂದು ಸಂಜೆ ಮಂಡಿ ಹಿಡಿದುಕೊಂಡಿತು. ಹೊಳೆಗೆ ಇಳಿಯಲಾಗದೆ, ತೀರಿಹೋದ ಅತ್ತೆಯ ಕ್ಷಮೆಯನ್ನು ಮನಸ್ಸಲ್ಲೇ ಕೇಳಿ, ಒಂದು ಗೋಣಿಯನ್ನು ನಲ್ಲಿಯಲ್ಲೇ ಅದ್ದಿ ಹೊಸ ಸೊಪ್ಪಿಗೆ ಹೊದಿಸಿದಳು. ಆ ಸೊಪ್ಪನ್ನು ಬಾಗಿಲ ಪಕ್ಕದ ತಟ್ಟೆಗಳಿಗೆ ಹಾಕಿದಳು. ಉಳಿದವಕ್ಕೆ ಹೊಳೆಯ ಗೋಣಿ ಹೊದಿಸಿದ ಸೊಪ್ಪೇ ಹೋಯಿತು.

ಬೆಳಿಗ್ಗೆ ಬೀಗ ತೆಗೆದರೆ ಬಾಗಿಲ ಪಕ್ಕದವು ಚರಚರ ಮೇಯುತ್ತಿವೆ, ಉಳಿದವೆಲ್ಲ ಹಸಿರು ಕಕ್ಕಿ ಬಿದ್ದಿವೆ.

ಮಧು ಊರಲ್ಲೇ ಇಲ್ಲ. ಕೀಲಿ ಸೊಂಟದಲ್ಲೇ ಇದೆ. ಹೊಳೆಯಲ್ಲಿ ಅದ್ದಿದ ಗೋಣಿಯನ್ನು ಎತ್ತಿ ಮೊದಲ ಸಲ ಊರವರ ಹಾಗೆ ಮೂಸಿ ನೋಡಿದಳು. ಥೂ, ಇದೆಂಥ ವಾಸನೆ! ಇಷ್ಟು ವರ್ಷ ಇದನ್ನೇ ತಂಪು ಅಂದುಕೊಂಡಿದ್ದಳೇ?

ಮಧ್ಯಾಹ್ನ ಮಧು, ರಮ್ಯಾ ತಮ್ಮ ಪಾತ್ರೆ ಒಯ್ಯಲು ಬಂದರು. ಬೆಳೆ ಹೋದ ಸುದ್ದಿ ಅವರಿಗೂ ಮುಟ್ಟಿತ್ತು. ಮರಿಯಪ್ಪ ಆಡಿದ ಮಾತು ಬಿಡದೆ, ತಮ್ಮನ ಮುಖವನ್ನೂ ನೋಡದೆ, "ನಿಂದೇನೈತೋ ಎತ್ಕೊ ಕಣ್ಲಾ" ಎಂದ.

ಚಿಕ್ಕಲಕ್ಷ್ಮಮ್ಮ ಕಂಬ ಹಿಡಿದು ನಿಂತಳು. ಸುಮ್ಮನಿದ್ದರೆ ಹೊಳೆಯ ಮಾನ ಉಳಿಯುತ್ತದೆ, ಮಧು ಹೋಗುತ್ತಾನೆ. ರಮ್ಯಾ ಆಗಲೇ ಹಂಡೆಗೆ ಕೈ ಹಾಕಿದ್ದಳು.

"ಒಳಕ್ಕಿಡು ರಮ್ಯಾ" ಎಂದಳು. "ಮಧು ಅಲ್ಲ."

"ಮತ್ಯಾರು?" ಎಂದ ಮರಿಯಪ್ಪ.

ಹೊಳೆಯ ಹೆಸರು ಅವಳ ಬಾಯಿಗೆ ಬರಲಿಲ್ಲ. ಹಿತ್ತಿಲ ಕಡೆ ಕೈ ತೋರಿಸಿ, "ಅವ್ಳೇ" ಎಂದು, ಹೆತ್ತವಳ ಮೇಲೆ ಚಾಡಿ ಹೇಳಿದ ಮಗಳಂತೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.