ಬಲಕ್ಕೆ ಬೀಳುವ ಹೂವು

ಕಾರವಾರದಲ್ಲಿ ಎಂಬಿಎ ಪ್ರವೇಶ ಪರೀಕ್ಷೆಗೆ ಗಣಿತ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಸಂಭವನೀಯತೆಯ ಪಾಠ ಬಂತೆಂದರೆ ನನ್ನ ತಲೆ ಬಿಸಿಯಾಗುತ್ತದೆ. ನಾಣ್ಯ ಚಿಮ್ಮಿದರೆ ತಲೆ ಮೇಲಾಗುವ ಸಂಭವ ಎಷ್ಟು ಎಂಬುದು ಹೈಸ್ಕೂಲಿನ ಮಕ್ಕಳೂ ಹೇಳುವ ಲೆಕ್ಕ. ಹಟ್ಟಿಕೇರಿಯ ನಾಗಶ್ರೀ ಮಾತ್ರ ಮೂರರಲ್ಲಿ ಒಂದು ಎಂದು ಬರೆದಿದ್ದಳು.

"ತಲೆ ಒಂದು, ಬಾಲ ಒಂದು. ಮೂರನೇದು ಯಾವ್ದು ಮಾರಾಯ್ತಿ?"

"ಬೀಳ್ದೇ ಇರೂದು, ಸರ್."

ನಾಣ್ಯವೇನು ಆಕಾಶದಲ್ಲೇ ಸಂಸಾರ ಹೂಡುತ್ತದೆಯೇ ಎಂದು ರೇಗಿದೆ. ತರಗತಿ ನಕ್ಕಿತು. ಅವಳು ನಗದೆ ವಿವರಿಸಿದಳು. ಅವಳ ಅಪ್ಪ ಕಮಲಾಕರ ಭಟ್ಟರು ಊರ ದೇವಸ್ಥಾನದ ಅರ್ಚಕರು. ಮದುವೆ, ಮನೆ, ಬಾವಿ, ಏನಿದ್ದರೂ ಜನ ಅವರಲ್ಲಿ ಪ್ರಸಾದ ಕೇಳಲು ಬರುತ್ತಾರೆ. ಭಟ್ಟರು ದೇವರ ಎರಡೂ ಬದಿಗೆ ಒಂದೊಂದು ಹೂವಿನ ಎಸಳನ್ನು ನೀರಿನಿಂದ ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಕೆಲವೊಮ್ಮೆ ಯಾವುದೂ ಬೀಳದೆ ಎಲ್ಲರೂ ಕೈಮುಗಿದುಕೊಂಡೇ ನಿಂತಿರಬೇಕು. ಅಂಥ ಮನೆಯಲ್ಲಿ ಬೆಳೆದವಳಿಗೆ ನಾಣ್ಯದ ಮೇಲೆ ನಂಬಿಕೆ ಹುಟ್ಟಿಸಲು ನನಗೆ ಒಂದು ಮಳೆಗಾಲವೇ ಬೇಕಾಯಿತು.

"ಕನಿಷ್ಠ ಒಂದು" ಎಂಬ ಲೆಕ್ಕ ಬಂದರೆ ಅವಳು ಒಂದಾದರೆ, ಎರಡಾದರೆ ಎಂದು ಹಾಳೆ ತುಂಬಿಸುತ್ತಿದ್ದಳು. "ಉಲ್ಟಾ ಕೇಳು. ಒಂದೂ ಆಗ್ದೇ ಇರೂದು ಎಷ್ಟು ನೋಡು, ಒಂದರಿಂದ ಕಳಿ" ಎಂದು ಬೈದು ಬೈದು ನನ್ನ ಗಂಟಲು ಬತ್ತಿತು. ಮನೆಯಲ್ಲೂ ಅವಳು ಅದನ್ನೇ ಜಪಿಸುತ್ತಿದ್ದಳಂತೆ. ಪೂಜೆಯ ನಡುವೆ ತಮಗೂ "ಉಲ್ಟಾ ಕೇಳು" ಎಂದೇ ನಾಲಿಗೆಗೆ ಬರುತ್ತದೆ ಎಂದು ಭಟ್ಟರು ಫೋನಿನಲ್ಲಿ ದೂರಿದ್ದರು.

ಕಲಿತದ್ದನ್ನು ಅವಳು ಮೊದಲು ಪ್ರಯೋಗಿಸಿದ್ದು ಅಪ್ಪನ ಮೇಲೆಯೇ. ಆ ವರ್ಷ ಕೇಳಲು ಬಂದವರಿಗೆಲ್ಲ ಹೂವು ಬಲಕ್ಕೇ ಬಿದ್ದಿತ್ತು. ಇದು ಲೆಕ್ಕಕ್ಕೆ ಕೂರುವುದಿಲ್ಲ ಎಂದು ಪಟ್ಟು ಹಿಡಿದಾಗ ಭಟ್ಟರು ಒಪ್ಪಿಕೊಂಡರಂತೆ.

"ಬಂದವು ಮನಸ್ಸಲ್ಲೇ ನಿಶ್ಚಯ ಮಾಡ್ಕಂಡು ಬಂದಿರ್ತ, ಕೂಸೇ. ಅವ್ಕೆ ಬೇಕಾದ್ದು ಧೈರ್ಯ. ಬಲಗಡೆ ಎಸಳಿಗೆ ನೀರು ಸ್ವಲ್ಪ ಕಮ್ಮಿ, ಅಷ್ಟೇಯ."

"ಎನ್ನ ಸರದಿ ಬಂದಾಗೂ ಕಮ್ಮಿ ಹಾಕು, ಅಪ್ಪಯ್ಯ."

"ಮನೆ ಮಾತಿಗೆ ಹಂಗೆಲ್ಲ ಮಾಡುಲಾಗ್ತಿಲ್ಲೆ."

ಸರದಿ ಬಂದೇಬಿಟ್ಟಿತು. ಪುಣೆಯ ಒಳ್ಳೆಯ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತು. ಭಟ್ಟರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ದೇವರನ್ನು ಕೇಳೋಣ ಎಂದರು. ಸಂಜೆಯಾದರೆ ಜಗಲಿಯ ಮೇಲೆ ಕೂತು ಜಗಳವಾಡಲು ಅವರಿಗೆ ಮಗಳೇ ಬೇಕು. ಅದು ಊರಿಗೆಲ್ಲ ಗೊತ್ತಿತ್ತು. ಹೆದರಿದ ನಾಗಶ್ರೀ ನನ್ನನ್ನೂ ಬರಹೇಳಿದಳು. ಓದಿ ಗೆದ್ದ ಹುಡುಗಿಯ ಭವಿಷ್ಯ ಎಸಳಿನ ಕೈಯಲ್ಲಿದೆಯಲ್ಲ ಎಂದು ಬಸ್ಸಿನುದ್ದಕ್ಕೂ ಕುದಿಯುತ್ತಲೇ ಹೋದೆ.

ಗರ್ಭಗುಡಿಯ ಬಾಗಿಲಲ್ಲಿ ನಾವಿಬ್ಬರೂ ನಿಂತೆವು. ಬೇರೆಯವರ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವ ಭಟ್ಟರು ಅಂದು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಕೇಳಿಕೊಂಡರು. ನಾನು ಅವಳ ಕಡೆ ನೋಡುವಷ್ಟರಲ್ಲಿ ಎಡಗಡೆಯ ಎಸಳು ಬಿತ್ತು.

ನಾಗಶ್ರೀಯ ಮುಖ ಸಣ್ಣದಾಯಿತು. ಕಣ್ಣಲ್ಲಿ ನೀರು. ನನಗೆ ದೇವರ ಮೇಲೂ ಭಟ್ಟರ ಮೇಲೂ ಒಟ್ಟಿಗೇ ಸಿಟ್ಟು ಬಂತು.

"ಅಳಡ" ಎಂದರು ಭಟ್ಟರು, ಈ ಕಡೆ ತಿರುಗದೆಯೇ. "ಆನು ಕೇಳಿದ್ದು ಎಂತ ಹೇಳಿ ಗೊತ್ತಿದ್ದ? ಕೂಸು ಮನೆಲ್ಲೇ ಇರ್ಲಾ ಹೇಳಿ. ಬೇಡ ಹೇಳಿ ಆತು. ಹೋಗಿ ಬಾ."

ಅವಳು ಅಳುತ್ತಲೇ ನಕ್ಕುಬಿಟ್ಟಳು. ನನ್ನ ಗಣಿತ ಗರ್ಭಗುಡಿಯವರೆಗೂ ಹೋಯಿತಲ್ಲ ಎಂದು ನಾನೂ ಬೀಗಿದೆ.

"ನೀರು ಸಮ ಹಚ್ಚಿದ್ದೆ, ಮಾಸ್ತರೇ" ಎಂದರು ಅವರು, ನಾನು ಕೇಳದಿದ್ದರೂ.

ನಾನು ತಲೆಯಾಡಿಸಿದೆ. ದೀಪದ ಬೆಳಕಿಗೆ ಬಲಗಡೆಯ ಎಸಳು ಚೆನ್ನಾಗಿ ಕಾಣುತ್ತಿತ್ತು. ಅದನ್ನು ನೀರಿನಿಂದಲ್ಲ, ದಪ್ಪಗೆ ತೇಯ್ದ ಗಂಧದಿಂದ ಅಂಟಿಸಲಾಗಿತ್ತು. ಸಂಜೆಯವರೆಗೂ ಅದು ಬೀಳುವಂತಿರಲಿಲ್ಲ. ಮಗಳು ಮನೆಯಲ್ಲೇ ಇರಲಿ ಎಂಬ ಆಸೆಯನ್ನೇ ಭಟ್ಟರು ದೇವರ ಮುಂದಿಟ್ಟಿದ್ದರು, ಅದು ನಡೆಯದಂತೆ ತಾವೇ ನೋಡಿಕೊಂಡಿದ್ದರು. ನಾಗಶ್ರೀಯೂ ಆ ಎಸಳನ್ನೇ ನೋಡುತ್ತಿದ್ದಳು. ಭಟ್ಟರು ಹೆಬ್ಬೆರಳಿನ ಗಂಧವನ್ನು ಪಂಚೆಗೆ ಒರೆಸಿಕೊಂಡರು.