ರಕ್ಷಿತಾಳ ಅಳತೆಯ ರೈಫಲ್

ಯಲ್ಲಾಪುರದ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ವಿನೋದಾ ನಾಯ್ಕ ರೈಫಲ್ ಲೈಸೆನ್ಸಿಗೆ ಅರ್ಜಿ ಹಾಕಿದ್ದಾಳೆ ಎಂಬ ಸುದ್ದಿ 1999ರಲ್ಲಿ ಪೇಟೆಯಲ್ಲೆಲ್ಲ ಹಬ್ಬಿತು. ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಆ ಅರ್ಜಿಯ ಹಿಂದೆ ಏನಿದೆಯೆಂದು ನನಗೆ ಗೊತ್ತಿತ್ತು. ಅವಳ ಮಗಳು ರಕ್ಷಿತಾ ನಾನು ಕನ್ನಡ ಪಾಠ ಮಾಡುತ್ತಿದ್ದ ಹೈಸ್ಕೂಲಿನಲ್ಲೇ ಓದುತ್ತಿದ್ದಳು. ನನ್ನ ರವಿಕೆಗಳನ್ನೆಲ್ಲ ಹೊಲಿದುಕೊಡುತ್ತಿದ್ದವಳು ವಿನೋದಕ್ಕನೇ.

ರಕ್ಷಿತಾ ಎನ್‌ಸಿಸಿ ಸೇರಿದ್ದಳು. ಹದಿಮೂರು ತುಂಬಿದ್ದರೂ ನೋಡಲು ಹತ್ತು ವರ್ಷದವಳಂತೆ ಚಿಕ್ಕ ಆಳು. ಕ್ಯಾಂಪಿನಲ್ಲಿ ಮೊದಲ ಸಲ ರೈಫಲ್ ಕೈಗೆ ಕೊಟ್ಟು ಗುಂಡು ಹಾರಿಸಲು ಹೇಳಿದ ದಿನ ಅವಳ ಒಂದು ಗುಂಡೂ ಗುರಿಯ ಹಲಗೆಗೆ ತಾಗಲಿಲ್ಲ. ಕ್ಯಾಂಪು ಮುಗಿದ ಸಂಜೆ ಮುಖ ಊದಿಸಿಕೊಂಡು ನೇರ ಅಂಗಡಿಗೇ ಬಂದಳು. ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ.

"ನನ್ನ ಕಣ್ಣು ಸರಿ ಇಲ್ಲ ಅಂತ ಎಲ್ಲರೂ ಹೇಳ್ತಾರೆ ಅಮ್ಮಾ. ನಾ ಇನ್ನು ಹೋಗುದಿಲ್ಲ."

ವಿನೋದಕ್ಕ ಮಷಿನ್ ನಿಲ್ಲಿಸಿದಳು. ಮೂಲೆಯಲ್ಲಿದ್ದ ಉದ್ದನೆಯ ಮರದ ಪಟ್ಟಿಯನ್ನು ಮಗಳ ಕೈಗೆ ಕೊಟ್ಟು, "ಹೆಂಗೆ ಹಿಡಿದಿದ್ದೆ, ತೋರ್ಸು" ಎಂದಳು. ಹುಡುಗಿ ತೋರಿಸಿದಳು. ಕತ್ತು ಮುಂದಕ್ಕೆ ಚಾಚಿತ್ತು, ಬೆನ್ನು ಹಿಂದಕ್ಕೆ ಬಾಗಿತ್ತು, ಭುಜಕ್ಕೆ ಒತ್ತಿಕೊಳ್ಳಬೇಕಾದ ತುದಿ ಕಂಕುಳಿಗೆ ಜಾರಿತ್ತು. ಅಳತೆ ಕೊಡಲು ನಿಂತ ಗಿರಾಕಿಯ ಸುತ್ತ ಬರುವಂತೆಯೇ ವಿನೋದಕ್ಕ ಮಗಳ ಸುತ್ತ ಒಂದು ಸುತ್ತು ಬಂದಳು.

"ಕಣ್ಣಿಗೆ ಎಂತದೂ ಆಗ್ಲಿಲ್ಲ ಮಗಾ. ದೊಡ್ಡೋರ ಅಂಗಿ ಹಾಕ್ಕಂಡು ಓಡುಕೆ ಹೋಗಿದ್ದೆ ನೀನು."

ಮರುದಿನ ವಿನೋದಕ್ಕ ಶಾಲೆಗೆ ಬಂದು ಎನ್‌ಸಿಸಿ ಮೇಷ್ಟ್ರನ್ನು ಕಂಡಳು. ಅವರು ಒಳ್ಳೆಯ ಮನುಷ್ಯ. ಸರ್ಕಾರಿ ರೈಫಲ್‌ಗಳೆಲ್ಲ ಒಂದೇ ಅಳತೆಯವು, ಅವನ್ನು ಕೊಯ್ದು ಗಿಡ್ಡ ಮಾಡುವಂತಿಲ್ಲ ಎಂದರು. ಆದರೆ ಹುಬ್ಬಳ್ಳಿ ಕಡೆ ಒಂದು ರೈಫಲ್ ಕ್ಲಬ್ಬಿದೆ, ಅಲ್ಲಿ ಮಕ್ಕಳೂ ಸಣ್ಣ ತೋಟೆಯ ಪಾಯಿಂಟ್ ಟೂ ಟೂ ರೈಫಲ್ಲಿನಲ್ಲಿ ಕಲಿಯಬಹುದು, ಲೈಸೆನ್ಸ್ ಇರುವ ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತಿರಬೇಕು ಎಂದೂ ತಿಳಿಸಿದರು.

ವಿನೋದಕ್ಕನ ಮನೆಯಲ್ಲಿ ಲೈಸೆನ್ಸ್ ಇದ್ದದ್ದು ಮಾವ ಮಾದೇವ ನಾಯ್ಕರಿಗೆ ಮಾತ್ರ. ಗದ್ದೆಗೆ ಬರುವ ಹಂದಿ ಹೆದರಿಸಲು ಹಳೆಯ ಕೋವಿಯೊಂದನ್ನು ಅವರು ಇಟ್ಟುಕೊಂಡಿದ್ದರು. ಸೊಸೆ ಕೇಳಿದಾಗ ತಲೆಯಾಡಿಸಿದರು.

"ನನ್ನ ಕೈ ನಡುಗ್ತದೆ ವಿನೋದಾ. ಹುಡುಗಿ ಬೆನ್ನಿಗೆ ನಿಲ್ಲೋರು ಗಟ್ಟಿ ಇರ್ಬೇಕು. ನೀನೇ ಕಲಿ."

ಗಂಡ ರಘುಪತಿ ಲಾರಿ ಡ್ರೈವರ್, ತಿಂಗಳಲ್ಲಿ ಹದಿನೈದು ದಿನ ಹೆದ್ದಾರಿಯ ಮೇಲೆ. ಹೀಗಾಗಿ ಆ ಹೊಣೆ ವಿನೋದಕ್ಕನ ಮೇಲೇ ಬಿತ್ತು. ಅದುವರೆಗೆ ಮಾವನ ಕೋವಿ ತೂಗುಹಾಕಿದ್ದ ಗೋಡೆಯ ಧೂಳು ಹೊಡೆಯಲೂ ಅಂಜುತ್ತಿದ್ದವಳು ಅವಳು.

ಅರ್ಜಿ ಹಾಕಿದ ಮೇಲೆ ವಿಚಾರಣೆಗೆ ಕರೆದ ಪೊಲೀಸರೊಬ್ಬರು, "ಯಾರ ಮೇಲಮ್ಮ ಸಿಟ್ಟು?" ಎಂದು ಕೇಳಿದರಂತೆ.

"ಯಾರ ಮೇಲೂ ಇಲ್ಲ ಸರ್. ಮಗಳು ಕಲೀಬೇಕು. ಅದಕ್ಕೆ ಮೊದ್ಲು ನಾ ಕಲೀಬೇಕು."

ಭಾನುವಾರ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಕ್ಲಬ್ಬಿನಲ್ಲಿ ಕಲಿಯತೊಡಗಿದಳು. ಮೊದಲ ಗುಂಡು ಹಾರಿದಾಗ ಕಣ್ಣು ಮುಚ್ಚಿಬಿಟ್ಟಿದ್ದಳಂತೆ. "ಮಗಳು ಹತ್ರ ಇರ್ಲಿಲ್ಲ, ಪುಣ್ಯ" ಎಂದು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು. ಆದರೂ ಬಿಡಲಿಲ್ಲ. ಲೈಸೆನ್ಸ್ ಕೈಸೇರಲು ವರ್ಷದ ಮೇಲಾಯಿತು. ಅಷ್ಟರಲ್ಲಿ ತೋಟೆ ತುಂಬುವುದು, ತೆಗೆಯುವುದು, ನಳಿಗೆ ಖಾಲಿಯೆಂದು ಎರಡೆರಡು ಸಲ ನೋಡುವುದು ಅವಳಿಗೆ ಸೂಜಿಗೆ ದಾರ ಹಾಕಿದಷ್ಟು ರೂಢಿಯಾಗಿತ್ತು.

ರೈಫಲ್ ಆರಿಸಲು ಹುಬ್ಬಳ್ಳಿಗೆ ಹೋದ ದಿನ ನಾನೂ ಜೊತೆಗಿದ್ದೆ. ಹೊರಡುವಾಗ ರಘುಪತಿ, "ದೊಡ್ಡದೇ ತಗಾ ಮಾರಾಯ್ತಿ. ಬೆಳೆಯೋ ಹುಡುಗಿ, ನಾಳೆಗೂ ಬರ್ತದೆ" ಎಂದಿದ್ದ. ಊರಿನವರೆಲ್ಲ ಮಕ್ಕಳ ಯೂನಿಫಾರ್ಮ್ ಹೊಲಿಸುವಾಗ ವಿನೋದಕ್ಕನಿಗೆ ಹೇಳುತ್ತಿದ್ದ ಮಾತೇ ಅದು. ಅವಳು ನಕ್ಕು ಹೊರಟಳು.

ಬಂದೂಕಿನ ಅಂಗಡಿಯ ಪರಮೇಶ್ವರಪ್ಪ ವಯಸ್ಸಾದವರು, ದಪ್ಪ ಕನ್ನಡಕ. "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಉಪಚರಿಸಿ ಮೂರು ರೈಫಲ್ ಮೇಜಿನ ಮೇಲಿಟ್ಟರು. ಒಂದು ಪಂದ್ಯಕ್ಕೆಂದೇ ಮಾಡಿದ್ದು, ಭಾರಿ ತೂಕ. ಇನ್ನೊಂದು ಕಪ್ಪಗೆ ಮಿಂಚುತ್ತಿತ್ತು, ಹಲವು ತೋಟೆ ಒಟ್ಟಿಗೆ ತುಂಬಬಹುದಾದದ್ದು. ಮೂರನೆಯದು ಯಾರೋ ತಮ್ಮ ಮಗನಿಗೆಂದು ಕೊಂಡು, ಅವನು ಬೆಳೆದ ಮೇಲೆ ತಂದು ಮಾರಿದ್ದ ಗಿಡ್ಡ ರೈಫಲ್. ಬಣ್ಣ ಮಾಸಿತ್ತು. ಒಂದು ಸಲಕ್ಕೆ ಒಂದೇ ತೋಟೆ.

ರಕ್ಷಿತಾಳ ಕಣ್ಣು ಕಪ್ಪನೆಯದರ ಮೇಲೆಯೇ.

"ಕಣ್ಣ ಮುಚ್ಚವ್ವ" ಎಂದರು ಪರಮೇಶ್ವರಪ್ಪ. "ಹಂಗ ಭುಜಕ್ಕ ಹಚ್ಚು, ಗಲ್ಲ ಇಡು. ಈಗ ಕಣ್ಣ ತಗಿ. ಗುರಿ ತೋರ್ಸೋ ಮೊನಿ ಕಣ್ಣಿನ ಮುಂದ ಐತೇನು?"

ಭಾರಿಯದರಲ್ಲಿ ಕೈ ಇಳಿದುಹೋಯಿತು. ಕಪ್ಪನೆಯದರಲ್ಲಿ ಕತ್ತು ಚಾಚಬೇಕಾಯಿತು. ಗಿಡ್ಡದರಲ್ಲಿ ಮೊನೆ ಬಹುಮಟ್ಟಿಗೆ ಕಣ್ಣಿನ ನೇರಕ್ಕೇ ಬಂತು. ವಿನೋದಕ್ಕ ಮಗಳ ಹಿಂದೆ ನಿಂತು ಬೆನ್ನನ್ನೇ ನೋಡುತ್ತಿದ್ದಳು. ಅದು ಇನ್ನೂ ತುಸು ಹಿಂದಕ್ಕೆ ಬಾಗುತ್ತಿತ್ತು.

"ಇದೂ ಒಂಚೂರು ಉದ್ದ ಆಯ್ತಲ್ಲ?"

"ಬರೋಬ್ಬರಿ ಹೇಳಿದ್ರಿ. ಹಿಂದಿನ ಕಟ್ಟಿಗಿ ಕೊಯ್ದು ಕೊಡ್ತೀನಿ."

"ಕೊಯ್ದ ತುಂಡು ನಂಗೆ ಬೇಕು. ಮಗಳು ಉದ್ದ ಆದಾಗ ತಿರುಗಿ ಸೇರಿಸುಕೆ ಬರ್ಬೇಕು. ನಾವು ಬಟ್ಟೆ ಹೊಲಿಯುವಾಗ ಒಳಗೆ ಮಡಚಿ ಬಿಡ್ತೇವಲ್ಲ, ಹಂಗೆ."

ಪರಮೇಶ್ವರಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಸ್ಕ್ರೂ ಹಾಕಿ ಕೂಡಿಸೂಹಂಗ ಮಾಡ್ತೀನ್ರಿ, ಚಿಂತಿ ಬ್ಯಾಡ" ಎಂದರು. ಅವರಿಗೂ ಆ ಉಪಾಯ ಹಿಡಿಸಿದ್ದು ಮುಖದಲ್ಲೇ ಕಾಣುತ್ತಿತ್ತು.

ರಕ್ಷಿತಾ ಮೆಲ್ಲಗೆ, "ಒಂದೇ ತೋಟೆದು ಎಂತಕ್ಕೆ ಅಮ್ಮಾ, ಆ ಕರೀದಾದ್ರೆ ಸುಮಾರು ಹಿಡೀತದೆ" ಎಂದಳು.

"ಒಂದು ಹೊಡೆದ ಮೇಲೆ ಅದು ಎಲ್ಲಿ ಹೋಯ್ತು ಅಂತ ನೋಡುಕೆ ಹೊತ್ತು ಸಿಗ್ಬೇಕು. ನಂಗೂ ನಿನ್ನ ಕೈ ನೋಡುಕೆ ಹೊತ್ತು ಬೇಕು."

ಹುಡುಗಿ ಹಿಂದಿರುಗುವ ಬಸ್ಸಿನಲ್ಲಿ ಕಲಘಟಗಿಯವರೆಗೂ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು.

ರೈಫಲ್ ಸಿದ್ಧವಾಗಿ, ನನ್ನನ್ನೂ ಕರೆದುಕೊಂಡು ಕ್ಲಬ್ಬಿಗೆ ಮೊದಲ ಸಲ ಹೋದ ದಿನ ಆ ಮುನಿಸು ಇಳಿಯಿತು. ನೆಲಕ್ಕೆ ಮಲಗಿ, ಮುಂದೆ ಮರಳು ಚೀಲ ಇಟ್ಟುಕೊಂಡು ಹೊಡೆದಳು. ಮೊದಲಿನವು ಚದುರಿದವು. ವಿನೋದಕ್ಕ ಪಕ್ಕದಲ್ಲಿ ಮಂಡಿಯೂರಿ, "ಉಸ್ರು ಬಿಡು, ಅವಸರ ಎಂತದೂ ಇಲ್ಲ" ಎನ್ನುತ್ತಿದ್ದಳು. ಕೊನೆಗೆ ಗುರಿಯ ಕಾಗದ ತಂದು ನೋಡಿದರೆ ಮೂರು ತೂತು ಒಂದಕ್ಕೊಂದು ತಾಗಿದ್ದವು. ಹುಡುಗಿ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಕಣ್ಣು ಸರಿ ಇದೆ ಅಮ್ಮಾ" ಎಂದಳು. ವಿನೋದಕ್ಕ ಅವಳ ಮೊಣಕೈಗೆ ಹತ್ತಿದ ಮಣ್ಣು ಒರೆಸತೊಡಗಿದಳು. ತಾಯಿಯ ಕಣ್ಣು ತುಂಬಿದ್ದು ನನಗೆ ಕಂಡಿತು.

ಮನೆಯಲ್ಲಿ ರೈಫಲ್ ಒಂದು ಪೆಟ್ಟಿಗೆಯಲ್ಲಿ, ತೋಟೆಗಳು ಬೇರೆ ಕೋಣೆಯ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಎರಡರ ಬೀಗದಕೈಯೂ ವಿನೋದಕ್ಕನ ಸೊಂಟದಲ್ಲೇ. ನೆಂಟರ ಮಕ್ಕಳು ಬಂದು "ಒಂದ್ಸಲ ತೋರ್ಸಿ ಅತ್ತೆ" ಎಂದು ಗೋಗರೆದರೂ ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಕಾಗೆಗೋ ಮಂಗನಿಗೋ ಗುರಿ ಇಡುವ ಮಾತು ಬಂದರೆ ಮಾವನ ಮೇಲೂ ರೇಗುತ್ತಿದ್ದಳು.

ರಕ್ಷಿತಾ ದೊಡ್ಡ ಪದಕಗಳನ್ನೇನೂ ಗೆಲ್ಲಲಿಲ್ಲ. ಎರಡು ವರ್ಷ ಬಿಟ್ಟು ಕ್ಲಬ್ಬಿನ ಪಂದ್ಯವೊಂದರಲ್ಲಿ ಕಿರಿಯರಲ್ಲಿ ಎರಡನೆಯವಳಾದಳು. ಆಮೇಲೆ ಒಮ್ಮೆಲೇ ಎತ್ತರ ಬೆಳೆದಳು; ಕೊಯ್ದ ತುಂಡನ್ನು ಕೂಡಿಸಿದರೂ ಸಾಲದಾಯಿತು. ಶಿರಸಿಯ ಕಾಲೇಜಿಗೆ ಸೇರಿದಾಗ ಎನ್‌ಸಿಸಿಯ ದೊಡ್ಡ ರೈಫಲ್ಲೇ ಅವಳ ಭುಜಕ್ಕೆ ಸರಿಯಾಗಿ ಕೂತಿತು. ಕ್ಯಾಂಪಿನಲ್ಲಿ ಕಾಲೇಜಿನ ತಂಡಕ್ಕೆ ಅವಳನ್ನೇ ಮೊದಲು ಆರಿಸಿದರು.

ಗಿಡ್ಡ ರೈಫಲ್ ಮಾರುವ ಮಾತು ಬಂದಾಗ ವಿನೋದಕ್ಕ ಒಪ್ಪಲಿಲ್ಲ. ಅವಳೂ ಗಿಡ್ಡ ಆಳೇ. ತುಂಡು ಸೇರಿಸಿದ ರೈಫಲ್ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಮಗಳಿಗಾಗಿ ಕಲಿತದ್ದು ಅಷ್ಟರಲ್ಲಿ ಅವಳದೇ ಆಗಿಬಿಟ್ಟಿತ್ತು. 2006ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಕ್ಲಬ್ಬಿನ ಹೆಂಗಸರ ಪಂದ್ಯದಲ್ಲಿ ಮೊದಲ ಸ್ಥಾನ ಬಂತು. ಪತ್ರಿಕೆಯವರೊಬ್ಬರು ಫೋಟೋ ತೆಗೆಯಲು ಅಂಗಡಿಗೆ ಬಂದರು. ರೈಫಲ್ ಹಿಡಿದು ನಿಲ್ಲಿ ಎಂದರೆ, ಪೇಟೆ ನಡುವೆ ಅದನ್ನು ಹೊರಗೆ ತೆಗೆಯುವುದಿಲ್ಲ ಎಂದುಬಿಟ್ಟಳು. ಕೊನೆಗೆ ಮಷಿನ್ ಮುಂದೆ ಕೂತ ಚಿತ್ರವೇ ಅಚ್ಚಾಯಿತು.

ಆ ವರ್ಷದಿಂದ ನಮ್ಮ ಹೈಸ್ಕೂಲಿನ ಎನ್‌ಸಿಸಿ ಹುಡುಗಿಯರು ಕ್ಯಾಂಪಿಗೆ ಹೊರಡುವ ಮೊದಲು ಮೇಷ್ಟ್ರು ಅವರನ್ನು ವಿನೋದಕ್ಕನ ಹತ್ತಿರ ಕಳಿಸತೊಡಗಿದರು. ಅವಳು ಈಗಲೂ ಗಿರಾಕಿಗಳನ್ನು ಕಾಯಿಸಿಯಾದರೂ ಒಬ್ಬೊಬ್ಬಳನ್ನೂ ನಿಲ್ಲಿಸಿ, ಭುಜ ಎಲ್ಲಿರಬೇಕು, ಕತ್ತು ಎಲ್ಲಿರಬೇಕು ಎಂದು ತಿದ್ದಿ ಕಳಿಸುತ್ತಾಳೆ.