ಮಗಳ ಎದುರು ಗೆದ್ದ ಚರ್ಚೆ

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಮಾತಿಗೆ ನಿಂತರೆ ನನ್ನನ್ನು ಸೋಲಿಸುವವರಿಲ್ಲ ಎಂಬ ಹೆಸರು ನನಗಿತ್ತು. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳನ್ನೆಲ್ಲ ತವರಿನಲ್ಲೇ ಬಿಟ್ಟು, ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಠಾಣೆಯ ಒಂದು ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತಳಾದೆ. ಕಚೇರಿಯಲ್ಲಿ ಮರಾಠಿ, ಟ್ರೈನಿನಲ್ಲಿ ಹಿಂದಿ. ನನ್ನ ಕನ್ನಡಕ್ಕೆ ಚಪ್ಪಾಳೆ ಸಿಗುತ್ತಿದ್ದುದು ಸಂಘದ ಆ ಪುಟ್ಟ ಸಭಾಂಗಣದಲ್ಲಿ ಮಾತ್ರ. ಹಾಗಾಗಿ ಹೋದ ವರ್ಷ 'ಇಂದಿನ ಚಲನಚಿತ್ರಗಳ ಗುಣಮಟ್ಟ ಕುಸಿಯುತ್ತಿದೆಯೇ?' ಎಂಬ ಚರ್ಚೆ ಇಟ್ಟುಕೊಂಡಾಗ, 'ಹೌದು' ಎನ್ನುವ ಪಕ್ಷಕ್ಕೆ ನನ್ನನ್ನು ಕೇಳದೆಯೇ ನನ್ನ ಹೆಸರು ಬರೆದುಕೊಂಡರು. ನನಗೂ ಅದು ಸಹಜವೆನಿಸಿತು.

'ಇಲ್ಲ' ಎನ್ನುವ ಪಕ್ಷಕ್ಕೆ ಸಿಕ್ಕವರು ಕಲ್ಯಾಣದಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಒಬ್ಬರು. ಹೊಸ ಸಿನಿಮಾ ಬಂದರೆ ಗಲ್ಲಾಪೆಟ್ಟಿಗೆಯನ್ನು ತಮ್ಮನಿಗೆ ಒಪ್ಪಿಸಿ ಓಡುವ ಮನುಷ್ಯ. ತಮ್ಮ ಜೊತೆಗೆ ಇನ್ನೊಬ್ಬರು ಬೇಕೆಂದು ಹುಡುಕುತ್ತ ಒಂದು ಶನಿವಾರ ನಮ್ಮ ಮನೆಗೂ ಬಂದರು.

"ಎದುರು ಪಾರ್ಟಿಯವರ ಮನೆಗೇ ಬಂದೆ ನೋಡಿ ಅಕ್ಕ," ಎಂದು ನಗುತ್ತ ಸೋಫಾದಲ್ಲಿ ಕೂತರು. "ನಿಮ್ಮ ಯಜಮಾನ್ರನ್ನು ಕೊಡಿ ನಂಗೆ."

"ನಾ ಆಕಿ ವಿರುದ್ಧ ಮಾತಾಡಿದ್ರ ರಾತ್ರಿ ಊಟ ಯಾರು ಹಾಕ್ತಾರ್ರೀ?" ಎಂದರು ನನ್ನ ಗಂಡ.

ಆಗ ಒಳಗಿನಿಂದ ನನ್ನ ಮಗಳು ಬಂದು ಬಾಗಿಲಲ್ಲಿ ನಿಂತಳು. "ನಾನು ಮಾತಾಡ್ತೀನಿ ಅಂಕಲ್," ಎಂದಳು. ಕನ್ನಡದಲ್ಲಿ.

ನನಗೆ ಆಶ್ಚರ್ಯವಾಯಿತು. ಅವಳು ಹುಟ್ಟಿದ್ದು, ಬೆಳೆದದ್ದು ಡೊಂಬಿವಲಿಯಲ್ಲೇ. ಇಂಗ್ಲಿಷ್ ಶಾಲೆಗೆ ಹಾಕಿದಾಗ ಹಿಂದಿ ಆಡುವ ಮಕ್ಕಳ ನಡುವೆ ಮಗು ಹಿಂದೆ ಬೀಳಬಾರದೆಂದು ನಾವಿಬ್ಬರೂ ಅವಳೊಂದಿಗೆ ಕನ್ನಡ ಆಡುವುದನ್ನು ಬಿಟ್ಟಿದ್ದೆವು. ಗಂಡ ಹೆಂಡತಿ ನಡುವೆ ಕನ್ನಡ, ಮಗಳ ಜೊತೆ ಹಿಂದಿ. ಇದು ನನ್ನದೇ ತೀರ್ಮಾನ. ಈಗ ಅವಳು ರಬಾಳೆಯ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಎರಡು ಮೂರು ವರ್ಷಗಳಿಂದ ಅವಳ ಬಾಯಲ್ಲಿ ಅಷ್ಟಿಷ್ಟು ಕನ್ನಡ ಕೇಳಿಬರುತ್ತಿತ್ತು. ನಮ್ಮ ಮಾತು ಕಿವಿಗೆ ಬಿದ್ದು ಬಿದ್ದು ಬಂದಿರಬೇಕು ಎಂದುಕೊಂಡಿದ್ದೆ. ಅದು ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ.

"ನೀನಾ? ಸ್ಟೇಜ್ ಮೇಲಾ?" ಎಂದೆ.

"ಕ್ಯೂಂ, ನಹೀ ಬೋಲ್ ಸಕ್ತೀ ಕ್ಯಾ?" ಎಂದು, ತನಗೆ ಮಾತಾಡಲು ಬರುವುದಿಲ್ಲವೇ ಎನ್ನುವಂತೆ ಹುಬ್ಬೇರಿಸಿದಳು.

"ಮಾತಾಡ್ಲಿ ಬಿಡಿ ಅಕ್ಕ, ಒಳ್ಳೇದೇ ಆಯ್ತಲ್ಲ," ಎಂದರು ಹೋಟೆಲಿನವರು.

ಚರ್ಚೆಯ ಭಾನುವಾರದವರೆಗೂ ಅವಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಏನೋ ಗುನುಗುತ್ತಿದ್ದಳು. ನಾನೂ ನನ್ನ ತಯಾರಿಯಲ್ಲಿದ್ದೆ. ಆ ತಯಾರಿ ಎಂಥದೆಂದು ಹೇಳಲು ನಾಚಿಕೆಯಾಗುತ್ತದೆ. ಹೊಸ ಕನ್ನಡ ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ಕೂತು ನೋಡಿ ನನಗೆ ಬಹಳ ಕಾಲವಾಗಿತ್ತು. ಗಂಡನ ಮೊಬೈಲಿನಲ್ಲಿ ಟ್ರೇಲರುಗಳನ್ನು ನೋಡಿದೆ. ಯಾವುದರಲ್ಲಿ ಎಷ್ಟು ಕತ್ತಿ, ಎಷ್ಟು ಹೊಗೆ, ನಾಯಕ ಎಷ್ಟು ಗಡ್ಡ ಬಿಟ್ಟಿದ್ದಾನೆ ಎಂದು ಮನಸ್ಸಿನಲ್ಲಿ ಟಿಪ್ಪಣಿ ಮಾಡಿಕೊಂಡೆ. ಹಳೆಯ ಚಿತ್ರಗಳಂತೂ ನನಗೆ ಬಾಯಿಪಾಠ. ಅಷ್ಟು ಸಾಕಿತ್ತು.

ಆ ಮಧ್ಯಾಹ್ನ ಸಭಾಂಗಣ ತುಂಬಿತ್ತು. ನಾನು ಮೊದಲು ಮಾತಾಡಿದೆ. ಹಿಂದೆ ಸಿನಿಮಾದ ಮಾತು ಕೇಳಿ ಜನ ಭಾಷೆ ಕಲಿಯುತ್ತಿದ್ದರು, ಈಗ ಬೈಗುಳ ಕಲಿಯುತ್ತಾರೆ ಎಂದಾಗ ಹಿಂದಿನ ಸಾಲಿನವರೂ ಚಪ್ಪಾಳೆ ತಟ್ಟಿದರು. ಹೋಟೆಲಿನವರು ಎದ್ದು, "ಅಕ್ಕ, ಹಿಂದಿನ ಕಾಲದಲ್ಲಿ ಕೆಟ್ಟ ಪಿಕ್ಚರ್ ಇರ್ಲೇ ಇಲ್ವಾ ಮಾರಾಯ್ರೆ? ಇತ್ತು. ಅದನ್ನೆಲ್ಲ ನಾವು ಮರೆತಿದ್ದೇವೆ, ಒಳ್ಳೇದು ಮಾತ್ರ ನೆನಪಿಟ್ಟಿದ್ದೇವೆ," ಎಂದರು. ಒಳ್ಳೆಯ ಮಾತು. ಅದಕ್ಕೆ ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಮಗಳ ಸರದಿ ಬಂತು.

ಕಾಟನ್ ಸೀರೆ ಉಟ್ಟಿದ್ದಳು. ಅದು ನನ್ನ ಅತ್ತೆಯದು. ಮೈಕಿನ ಮುಂದೆ ನಿಂತು, "ನಮಸ್ಕಾರ. ನಾನು ಸ್ವಲ್ಪ ತಪ್ಪು ಮಾತಾಡ್ತೀನಿ, ಮಾಫ್ ಮಾಡಿ," ಎಂದಳು. ಆಮೇಲೆ, "ನನ್ನ ಅಮ್ಮ ಹಳೆ ಪಿಕ್ಚರ್ ನೋಡಿದ್ರೆ ಭಾಳ ಅಳ್ತದೆ. ಹೊಸ ಪಿಕ್ಚರ್ ಹಚ್ಚಿದ್ರೆ ಎದ್ದು ಹೋಗ್ತದೆ," ಎಂದಳು.

ಸಭೆ ಗೊಳ್ಳೆಂದು ನಕ್ಕಿತು. ಅಮ್ಮ ಅಳುತ್ತಾಳೆ ಎನ್ನುವ ಬದಲು ಅಳ್ತದೆ! ನನ್ನ ಮಾತು ಮುಗಿಸಿ ಮುಂದಿನ ಸಾಲಿಗೆ ಬಂದು ಕೂತಿದ್ದ ನಾನೂ ನಕ್ಕೆ. ಪಕ್ಕದ ಕುರ್ಚಿಯವರ ಕಿವಿಯಲ್ಲಿ ಏನೋ ಹೇಳಿದೆ, ಅವರೂ ನಕ್ಕರು. ಅವಳು ಮಾತು ಮುಂದುವರಿಸಿದಳು. ಅವಳು ಮುಂದೆ ಏನು ಹೇಳಿದಳೋ ನನ್ನ ತಲೆಗೆ ಹೋಗಲಿಲ್ಲ. ನನಗೆ ಒಳ್ಳೆಯ ಉತ್ತರವೊಂದು ಹೊಳೆದಿತ್ತು. ಅದನ್ನು ಹೇಗೆ ಹೇಳಿದರೆ ಚೆನ್ನ ಎಂದು ಮನಸ್ಸಿನಲ್ಲೇ ಮಾತುಗಳನ್ನು ಜೋಡಿಸುತ್ತ ಕೂತಿದ್ದೆ.

ಕೊನೆಯ ಮಾತು ನನ್ನದು. ಎದ್ದು ನಿಂತು ಹೇಳಿದೆ: "ಹೊಸ ಚಿತ್ರಗಳ ಪರವಾಗಿ ಈಗಷ್ಟೇ ಒಬ್ಬರು ಮಾತಾಡಿದರು. ಹೆತ್ತ ತಾಯಿಯನ್ನು ಎಮ್ಮೆ, ಆಕಳುಗಳ ಸಾಲಿಗೆ ಸೇರಿಸಿದರು. ನೋಡುವವರ ಕನ್ನಡವೇ ಹೀಗಿದ್ದರೆ, ಸಿನಿಮಾದ ಕನ್ನಡ ಹೇಗಿದ್ದೀತು ಸ್ವಾಮೀ?"

ಅಷ್ಟು ನಗು ಆ ಸಭಾಂಗಣದಲ್ಲಿ ನಾನು ಕೇಳಿರಲಿಲ್ಲ. ನಮ್ಮ ಪಕ್ಷ ಗೆದ್ದಿತು. ವೇದಿಕೆಯ ಮೇಲೆ ಕೂತಿದ್ದ ಮಗಳು ಕೂಡ ನಗುತ್ತಿದ್ದಳು, ಅಥವಾ ನನಗೆ ಹಾಗೆ ಕಂಡಿತು. ಚಹಾ ಕೊಡುವ ಹೊತ್ತಿಗೆ ಅವಳಿರಲಿಲ್ಲ. ಗೆಳತಿಯ ಮನೆಗೆ ಹೋಗುತ್ತೇನೆಂದು ಅಪ್ಪನಿಗೆ ಹೇಳಿ ಹೋಗಿದ್ದಳು. ಜನ ನನ್ನ ಸುತ್ತ ನೆರೆದು, "ಏನ್ ಟಾಂಗ್ ಕೊಟ್ರಿ ಮೇಡಂ," ಎನ್ನುತ್ತಿದ್ದರು. ಹೋಟೆಲಿನವರು ಮಾತ್ರ ಲೋಟ ಹಿಡಿದು ದೂರ ನಿಂತಿದ್ದರು. ನಾನು ಹತ್ತಿರ ಹೋದಾಗ, "ನಮ್ಮ ಕಡೆ ಕೆಲವು ಮನೆಗಳಲ್ಲಿ ಅಮ್ಮ ಬಂತು ಅಂತಲೇ ಹೇಳ್ತಾರೆ ಅಕ್ಕ. ಅದು ಅಂಥ ದೊಡ್ಡ ತಪ್ಪೇನಲ್ಲ," ಎಂದರು. ಸೋತ ಬೇಸರಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆ.

ಮನೆಗೆ ಬರುವಾಗ ನನ್ನ ಗಂಡ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು.

ಎರಡು ದಿನದ ಮೇಲೆ ಸಂಘದ ಕಾರ್ಯದರ್ಶಿಗಳು ಚರ್ಚೆಯ ವಿಡಿಯೋವನ್ನು ವಾಟ್ಸಾಪ್ ಗುಂಪಿಗೆ ಹಾಕಿದರು. ಬೆಳಗಿನ ಕೆಲಸ ಮುಗಿದಿತ್ತು, ಮಗಳು ಕೆಲಸಕ್ಕೆ ಹೋಗಿದ್ದಳು. ಡೈನಿಂಗ್ ಟೇಬಲ್ಲಿನ ಮೇಲೆ ಮೊಬೈಲನ್ನು ನೀರಿನ ತಂಬಿಗೆಗೆ ಒರಗಿಸಿ ನೋಡತೊಡಗಿದೆ. ಮೊದಲು ನನ್ನ ಭಾಷಣ. ಅದನ್ನು ಮತ್ತೊಮ್ಮೆ ಹಾಕಿಕೊಂಡು ನೋಡಿದೆ. ಆಮೇಲೆ ಮಗಳು ಬಂದಳು. ಅಳ್ತದೆ ಎಂದಳು, ನಗು ಎದ್ದಿತು. ಮುಂದಿನ ಸಾಲಿನಲ್ಲಿ ಬೆನ್ನು ಮಾಡಿ ಕೂತಿದ್ದ ಒಬ್ಬ ಹೆಂಗಸು ಪಕ್ಕದವರ ಕಡೆ ಬಾಗಿ ಭುಜ ಕುಣಿಸಿ ನಗುತ್ತಿದ್ದಳು. ಆ ಹೆಂಗಸು ನಾನೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ನಗುವಿನ ನಡುವೆಯೇ ಮಗಳು ಹೇಳುತ್ತಿದ್ದಳು:

"ಮನೆಲಿ ಎಲ್ರೂ ನಂಗೆ ಹಿಂದಿಲಿ ಮಾತಾಡ್ತಿದ್ರು. ಅಜ್ಜಿ ನಮ್ಮ ಮನೆಗೆ ಬಂದಾಗ ಅವರಿಗೆ ಹಿಂದಿ ಬರ್ತಿರ್ಲಿಲ್ಲ. ಎಲ್ರೂ ಡ್ಯೂಟಿಗೆ ಹೋಗ್ತಿದ್ರು, ಅವರು ಒಬ್ರೇ ಕೂತಿರ್ತಿದ್ರು. ನಾನು ಟ್ರೈನಲ್ಲಿ ಹೊಸ ಕನ್ನಡ ಪಿಕ್ಚರ್ ನೋಡಕ್ಕೆ ಶುರು ಮಾಡ್ದೆ. ಕೆಳಗೆ ಇಂಗ್ಲಿಷ್ ಬರ್ತದಲ್ಲ, ಅದನ್ನ ಓದಿ ಓದಿ ಕಲಿತೆ. ಸಂಜೆ ಬಂದು ಅಜ್ಜಿಗೆ ಅದೇ ಡೈಲಾಗ್ ಹೇಳ್ತಿದ್ದೆ. ಅಜ್ಜಿ ನಗ್ತಿದ್ರು. ಆಮೇಲೆ ಅವರು ನಂಗೆ ಅವರ ಮದ್ವಿ ಕತೆ, ಊರ ಕತೆ ಎಲ್ಲ ಹೇಳಿದ್ರು. ಹಳೆ ಪಿಕ್ಚರ್ ನಂಗೆ ಕಷ್ಟ, ಅದ್ರಲ್ಲಿ ಬುಕ್ ಥರ ಮಾತಾಡ್ತಾರೆ. ಹೊಸದ್ರಲ್ಲಿ ಜನ ಮಾತಾಡೋ ಥರ ಮಾತಾಡ್ತಾರೆ. ಅದಕ್ಕೆ, ಹೊಸದು ಕೆಟ್ಟದ್ದು ಅಂತ ನಂಗೆ ಹೇಳಕ್ಕಾಗಲ್ಲ."

ಅತ್ತೆ ಕೊನೆಯ ಎರಡು ವರ್ಷ ನಮ್ಮಲ್ಲೇ ಇದ್ದರು. ಅಜ್ಜಿಯೂ ಮೊಮ್ಮಗಳೂ ಕೋಣೆಯಲ್ಲಿ ಕೂತು ನಗುವುದನ್ನು ನಾನು ಕೇಳಿದ್ದೆ. ಅತ್ತೆ ಮೊದಲು ಬಂದಾಗ ಗೋಡೆ ನೋಡುತ್ತ ಕೂತಿರುತ್ತಿದ್ದವರು, ಆಮೇಲೆ ಸಂಜೆಯಾದರೆ ಬಾಗಿಲ ಕಡೆ ನೋಡುತ್ತಿದ್ದುದೂ ನನಗೆ ಗೊತ್ತಿತ್ತು. ಆ ನಗುವಿಗಾಗಿ ನನ್ನ ಮಗಳು ಡೊಂಬಿವಲಿಯ ನೂಕುನುಗ್ಗಲಿನಲ್ಲಿ ಮೊಬೈಲು ಹಿಡಿದು, ಠಾಣೆಯಲ್ಲಿ ಟ್ರೈನ್ ಬದಲಿಸಿ, ದಿನವೂ ಪಾಠ ಕಲಿಯುತ್ತಿದ್ದಳೆಂದು ಗೊತ್ತಿರಲಿಲ್ಲ. ಅವಳು ಅದನ್ನು ಮೈಕಿನಲ್ಲಿ, ನಾನು ಅಲ್ಲೇ ಕೂತಿರುವಾಗ, ಎಲ್ಲರೆದುರು ಹೇಳಿದ್ದಳು. ಆದರೂ ನನಗೆ ಗೊತ್ತಾಗಿರಲಿಲ್ಲ.

ವಿಡಿಯೋದಲ್ಲಿ ನನ್ನ ಕೊನೆಯ ಮಾತು ಬಂದಾಗ ನಿಲ್ಲಿಸಬೇಕೆಂದರೂ ಕೈ ಹೋಗಲಿಲ್ಲ. ಎಮ್ಮೆ, ಆಕಳು. ನಗು. ವೇದಿಕೆಯ ಮೇಲೆ ಮಗಳು ನಕ್ಕದ್ದು ನಿಜ. ನಗುತ್ತಲೇ ಅಜ್ಜಿಯ ಸೀರೆಯ ಸೆರಗನ್ನು ಎಳೆದು ಎಳೆದು ಭುಜದ ಮೇಲೆ ಹೊದ್ದುಕೊಳ್ಳುತ್ತಿದ್ದಳು.

ನನ್ನ ಗಂಡ ಹಿಂದೆ ನಿಂತು ನೋಡುತ್ತಿದ್ದರು. "ನೀವು ಅವತ್ತ ಕೇಳಿಸ್ಕೊಂಡಿದ್ರೇನು?" ಎಂದೆ.

"ಕೇಳಿಸ್ಕೊಂಡಿದ್ದೆ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ನೀ ಅಷ್ಟು ಖುಷಿಯೊಳಗಿದ್ದಿ," ಎಂದು ಒಳಗೆ ಹೋದರು.

ಆ ಸಂಜೆ ಮಗಳು ಬಂದು ಚಪ್ಪಲಿ ಬಿಡುವ ಮೊದಲೇ ಅವಳ ಕೈ ಹಿಡಿದುಕೊಂಡೆ. "ನಂದು ತಪ್ಪಾತು. ನಿನ್ನ ಮಾತು ನಾ ಸರಿಯಾಗಿ ಕೇಳಿಸ್ಕೊಳ್ಳಲೇ ಇಲ್ಲ. ಎಲ್ಲಾರ ಮುಂದ ಹಂಗ ಅನ್ನಬಾರದಿತ್ತು," ಎಂದೆ.

"ಕೋಯಿ ಬಾತ್ ನಹೀ ಮಮ್ಮಿ. ಡಿಬೇಟ್ ಥಾ, ಹೋತಾ ಹೈ," ಎಂದು, ಚರ್ಚೆಯಲ್ಲಿ ಇದೆಲ್ಲ ಇದ್ದದ್ದೇ ಎಂಬಂತೆ ಕೈ ಬಿಡಿಸಿಕೊಂಡು ಮುಖ ತೊಳೆಯಲು ಹೋದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಅದಾದ ಮೇಲೆ ಅವಳು ನನ್ನೆದುರು ಕನ್ನಡ ಆಡುವುದನ್ನು ನಿಲ್ಲಿಸಿದಳು. ಅಪ್ಪನೊಂದಿಗೆ ಆಡುತ್ತಿದ್ದಳು, ನಾನು ಅಡುಗೆಮನೆಯಿಂದ ಬಂದರೆ ಹಿಂದಿಗೆ ಹೊರಳುತ್ತಿದ್ದಳು. ಬೇಕೆಂದು ಮಾಡುತ್ತಿದ್ದಳು ಎನ್ನಲಾರೆ. ಒಮ್ಮೆ ಸುಟ್ಟುಕೊಂಡವರು ಒಲೆಯಿಂದ ದೂರ ನಿಲ್ಲುವಂತೆ ಅಷ್ಟೇ.

ಮುಂದಿನ ತಿಂಗಳ ಸಭೆಯಲ್ಲಿ ನಾನು ಮೈಕು ಕೇಳಿ ತೆಗೆದುಕೊಂಡೆ. ಹೋದ ಸಲ ನಾನು ಗೆದ್ದದ್ದು ವಾದದಿಂದಲ್ಲ, ಮಗಳ ಭಾಷೆಯನ್ನು ಗೇಲಿ ಮಾಡಿ. ಅವಳಿಗೆ ಆ ಭಾಷೆ ಕಲಿಸದವಳು ನಾನೇ. ನಾನು ಬೈದ ಸಿನಿಮಾಗಳಲ್ಲಿ ಒಂದನ್ನೂ ನೋಡಿರಲಿಲ್ಲ ಎಂದೆ. ಹಿಂದಿನಿಂದ ಯಾರೋ, "ಎಮ್ಮೆ ಆಕಳು ಮಾತ್ರ ಸೂಪರ್ ಇತ್ತು ಮೇಡಂ!" ಎಂದರು. ಮತ್ತೆ ಎಲ್ಲರೂ ನಕ್ಕರು. ಚಪ್ಪಾಳೆ ಕೂಡ ಬಿತ್ತು. ಎಷ್ಟು ದೊಡ್ಡ ಮನಸ್ಸು ಎಂದು ಒಬ್ಬರು ನನ್ನನ್ನೇ ಹೊಗಳಿದರು. ಕ್ಷಮೆ ಕೇಳಲು ಹೋದರೂ ನನಗೆ ಮೆಚ್ಚುಗೆ ಸಿಕ್ಕಿತ್ತು. ಅವಳು ಸಭೆಗೇ ಬಂದಿರಲಿಲ್ಲ. ಮೈಕು ಇಟ್ಟು ಬರುವಾಗ, ಅವತ್ತು ವಿಡಿಯೋ ನೋಡುವಾಗ ಆದದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಕೊನೆಗೆ ನಾನೇ ಅವಳನ್ನು ಕೇಳಿದೆ, ಯಾವುದಾದರೂ ಹೊಸ ಕನ್ನಡ ಸಿನಿಮಾಕ್ಕೆ ಕರೆದುಕೊಂಡು ಹೋಗು ಎಂದು. "ರೆಹನೇ ದೋ ಮಮ್ಮಿ," ಎಂದು ಎರಡು ಸಲ ತಳ್ಳಿಹಾಕಿದಳು. ಮೂರನೆಯ ಸಲ ಅವಳ ಅಪ್ಪನೂ ಸೇರಿದರು. ನವಿ ಮುಂಬಯಿಯ ಒಂದು ಮಾಲಿನಲ್ಲಿ ಭಾನುವಾರ ಬೆಳಗಿನ ಒಂದೇ ಆಟವಿತ್ತು. ಮೂವರೂ ಹೋದೆವು.

ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ನನಗೆ ಇನ್ನೊಂದು ಮುಖಭಂಗ. ಪಾತ್ರಗಳ ಮಾತು ನನಗೆ ಪೂರ್ತಿ ಹಿಡಿಯುತ್ತಿರಲಿಲ್ಲ. ಬೆಂಗಳೂರಿನ ಗಲ್ಲಿಯ ಕನ್ನಡ, ಭಾರೀ ವೇಗ. ಕದ್ದು ಕದ್ದು ಕೆಳಗಿನ ಇಂಗ್ಲಿಷ್ ಸಾಲು ಓದತೊಡಗಿದೆ. ಮಗಳು ನಗುವ ಕಡೆ ನಾನು ಒಂದು ಗಳಿಗೆ ತಡವಾಗಿ ನಗುತ್ತಿದ್ದೆ. ಅದು ಅವಳಿಗೆ ತಿಳಿದೇ ತಿಳಿಯಿತು. ನನ್ನ ಕಡೆ ನೋಡಿ, ಗೇಲಿ ಮಾಡದೆ, ಪರದೆಯ ಕಡೆ ತಿರುಗಿದಳು. ನಾನಾಗಿದ್ದರೆ ಅಂಥ ಅವಕಾಶ ಬಿಡುತ್ತಿದ್ದೆನೆ?

ಹೊರಗೆ ಬಂದು ಸ್ಟೇಷನ್ನಿಗೆ ನಡೆಯುವಾಗ, ಮೊದಲೇ ಸಿದ್ಧಮಾಡಿಟ್ಟುಕೊಂಡಿದ್ದ ಮಾತು ಹೇಳಿದೆ. "ಭಾಳ ಛಲೋ ಇತ್ತು. ನಾ ಸುಮ್ಮನ ಹೊಸಾವನ್ನೆಲ್ಲ ಬೈತಿದ್ದೆ."

ಅವಳು ನಿಂತುಬಿಟ್ಟಳು. "ಮಮ್ಮಿ, ಝೂಠ್ ಮತ್ ಬೋಲೋ. ಪಿಕ್ಚರ್ ಬೇಕಾರ್ ಥೀ." ಮೊದಲರ್ಧ ಎಳೆದಿದ್ದಾರೆ, ಹೊಡೆದಾಟಕ್ಕೆ ಕಾರಣವೇ ಇಲ್ಲ, ಆ ಹುಡುಗಿಯ ಪಾತ್ರಕ್ಕೆ ಕೆಲಸವೇ ಇಲ್ಲ ಎಂದು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ಅವಳನ್ನು ಸಮಾಧಾನಪಡಿಸಲೆಂದು ನಾನು ಸುಳ್ಳು ಹೊಗಳಿದ್ದು ಅವಳಿಗೆ ಅವತ್ತಿನ ಗೇಲಿಗಿಂತ ಕಡಿಮೆ ಅವಮಾನವಾಗಿ ಕಂಡಿರಲಿಲ್ಲ.

"ಖರೇ ಹೇಳ್ಲಿ?" ಎಂದೆ. "ಆ ಸಪ್ಪಳಕ್ಕ ನನ್ನ ತಲಿ ಸಿಡದು ಹೋತು. ಆದ್ರ ಅಣ್ಣ ತಂಗಿ ಅಡಿಗಿಮನಿಯೊಳಗ ಜಗಳಾಡ್ತಾರಲ್ಲ, ಅದು ಮಾತ್ರ ಮನಸಿಗೆ ಹತ್ತಿತು. ನಮ್ಮ ಕಾಲದ ಸಿನಿಮಾದಾಗ ಹಂಗ ಯಾರೂ ಜಗಳಾಡ್ತಿರಲಿಲ್ಲ."

"ದೇಖಾ?" ಎಂದಳು, ನೋಡಿದೆಯಾ ಎನ್ನುವ ಹಾಗೆ. ಆ ದೃಶ್ಯ ಅವಳಿಗೂ ಹಿಡಿಸಿತ್ತು. ಠಾಣೆಗೆ ಹೋಗುವ ಗಾಡಿ ಬರುವವರೆಗೂ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೂ ವಾದ ಮಾಡಿದೆವು, ನಾನು ಕನ್ನಡದಲ್ಲಿ, ಅವಳು ಹಿಂದಿಯಲ್ಲಿ. ನನ್ನ ಗಂಡ ಬೆಂಚಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದರು.

ಆಮೇಲೆ ಹೀಗೆ ಆಗಾಗ ಹೋಗುತ್ತೇವೆ. ಬಂದು ಜಗಳಾಡುತ್ತೇವೆ. ಹಳೆಯ ಚಿತ್ರಗಳೇ ಮೇಲು ಎಂದು ನನಗೆ ಈಗಲೂ ಅನಿಸುತ್ತದೆ, ಆದರೆ ಹಾಗೆನ್ನುವಾಗ ಮೊದಲಿನ ಧೈರ್ಯವಿಲ್ಲ. ಹೋದ ವಾರ ಅಂಥದೇ ಒಂದು ವಾದದ ಬಿಸಿಯಲ್ಲಿ ಅವಳ ಬಾಯಿಂದ ಇಡೀ ಒಂದು ಕನ್ನಡ ವಾಕ್ಯ ಹೊರಬಿತ್ತು: "ಹೀರೋಗಳೆಲ್ಲ ಒಂದೇ ಥರ ಇದೆ, ಆದ್ರೆ ಕತೆ ಬೇರೆ ಬೇರೆ ಇದ್ದಾರೆ!"

ಹೇಳಿ ನನ್ನ ಮುಖ ನೋಡಿದಳು. ತಿದ್ದುವ ಮಾತು ನನ್ನ ನಾಲಿಗೆಯ ತುದಿಗೆ ಬಂದೇ ಬಂದಿತ್ತು. ಇಷ್ಟೆಲ್ಲ ಆದ ಮೇಲೂ ಬಂದಿತ್ತು. ಅದನ್ನು ನುಂಗಿಕೊಂಡು, "ಯಾವ ಕತಿ ಬ್ಯಾರೆ ಐತಿ, ಒಂದರ ಹೇಳು ನೋಡೋಣ," ಎಂದೆ. ಅವಳು ಹೇಳತೊಡಗಿದಳು, ಅರ್ಧ ಹಿಂದಿ, ಅರ್ಧ ಕನ್ನಡ.